ಖಾಲಿ ನೀರಿಗೆ ಊಟ

ದೊಡ್ಡಮ್ಮನ ಮನೆಗೆ ಹೋಗುವ ಭಾನುವಾರ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಬಸ್ಸು ಬರುತ್ತದೆ. ಆ ಮನೆಯ ಗೇಟು ದಾಟಿದ ತಕ್ಷಣ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಬಕೆಟ್ಟು ಇರುತ್ತದೆ. ಚಪ್ಪಲಿ ಅಲ್ಲೇ ಬಿಡಬೇಕು, ಕಾಲು ಅದರಲ್ಲಿ ಅದ್ದಬೇಕು, ಕೈಯನ್ನು ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆಯಬೇಕು. ಬ್ಯಾಗು ವರಾಂಡದ ಮೊಳೆಗೆ. ಫೋನನ್ನು ಅವಳೇ ಸ್ಪಿರಿಟ್ಟಿನಲ್ಲಿ ಒರೆಸಿ ಕೊಡುತ್ತಾಳೆ. ಕೊರಿಯರ್ ಆಫೀಸಿನ ಕೌಂಟರಿನಲ್ಲಿ ವಾರವಿಡೀ ಊರಿನವರ ಬೈಗುಳ ಕೇಳಿಸಿಕೊಂಡು, ಇರುವ ಒಂದು ರಜೆಯಲ್ಲಿ ಸ್ವಂತ ದೊಡ್ಡಮ್ಮನೇ ಕೊಳೆಯಾದ ಪಾರ್ಸಲ್ಲಿನ ಹಾಗೆ ನಡೆಸಿಕೊಂಡರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ.

ನನ್ನ ಅಮ್ಮನ ಅಕ್ಕ ಅವಳು. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಆಪರೇಷನ್ ಸಾಮಾನು ಶುದ್ಧಮಾಡುವ ಕೋಣೆಯೊಂದಿತ್ತು. ಅವಳ ಆಯುಷ್ಯವೆಲ್ಲ ಅಲ್ಲೇ ಕಳೆಯಿತು. ಕತ್ತರಿ, ಚಾಕು, ಇಕ್ಕಳಗಳನ್ನು ಉಜ್ಜಿ ತೊಳೆದು, ಹಸಿರು ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೊಂದು ಪಟ್ಟಿ ಅಂಟಿಸಿ, ಆಳೆತ್ತರದ ಹಬೆ ಯಂತ್ರದೊಳಗೆ ತಳ್ಳಿ ಬಾಗಿಲಿನ ಚಕ್ರ ತಿರುಗಿಸಬೇಕು. ಹೊರಗೆ ತೆಗೆದಾಗ ಪಟ್ಟಿಯ ಮೇಲೆ ಕಪ್ಪು ಗೆರೆ ಮೂಡಿದ್ದರೆ ಗಂಟು ಆಪರೇಷನ್‌ಗೆ ಹೋಗಬಹುದು. ಗೆರೆ ಸ್ವಲ್ಪ ಮಸುಕಾಗಿದೆ ಅನ್ನಿಸಿದರೂ ಅವಳು ಗಂಟನ್ನು ಮತ್ತೆ ಒಳಗೆ ತಳ್ಳುತ್ತಿದ್ದಳು, ಮೇಲೆ ಸರ್ಜನ್ನು ಕೈಗವಸು ಹಾಕಿಕೊಂಡು ಕುಣಿಯುತ್ತಿದ್ದರೂ ಸರಿಯೇ. ವಾರ್ಡಿನವರು ಅವಳಿಗೆ ಫಿನಾಯಿಲಮ್ಮ ಎಂದು ಹೆಸರಿಟ್ಟಿದ್ದರು. ಹಿಂದಿನಿಂದ ಕರೆಯುತ್ತಿದ್ದ ಆ ಹೆಸರು ಅವಳ ಕಿವಿಗೆ ಬಿದ್ದಾಗ ಅವಳು ಅದನ್ನು ಬಿರುದು ಅಂದುಕೊಂಡಳು.

ದೊಡ್ಡಪ್ಪ ಲಾರಿ ಡ್ರೈವರ್. ವರ್ಷದ ಮುಕ್ಕಾಲು ಪಾಲು ರಸ್ತೆಯ ಮೇಲೆ ಇರುತ್ತಿದ್ದ ಮನುಷ್ಯ. ಕ್ಲಚ್ಚು ತುಳಿದು ತುಳಿದು ಎಡ ಮೊಣಕಾಲು ಸವೆದಾಗ ಅದೇ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗಂಡನ ಕಾಲು ಅಂತ ದೊಡ್ಡಮ್ಮ ಆ ದಿನದ ಗಂಟನ್ನು ಇನ್ನೊಬ್ಬರ ಕೈಗೆ ಬಿಡಲಿಲ್ಲ, ತಾನೇ ಉಜ್ಜಿ, ತಾನೇ ಕಟ್ಟಿ, ತಾನೇ ಯಂತ್ರದ ಮುಂದೆ ನಿಂತಳು. ವಾರ ಕಳೆಯುವಷ್ಟರಲ್ಲಿ ಗಾಯ ಕೀವಾಯಿತು. ಮತ್ತೆ ಬಿಚ್ಚಿ, ಮತ್ತೆ ಹೊಲಿದು, ಕೊನೆಗೆ ಕಾಲು ಉಳಿಯಿತು, ಆದರೆ ಮಡಚಲು ಬಾರದ ಮರದ ತುಂಡಾಯಿತು. ಡಾಕ್ಟರು, ಇಂಥದ್ದು ಎಲ್ಲಿಂದ ಬೇಕಾದರೂ ಬರಬಹುದು, ರೋಗಿಯ ಚರ್ಮದಿಂದಲೂ ಬರಬಹುದು ಅಂದರು. ಯಾರೂ ಅವಳತ್ತ ಬೆರಳು ತೋರಿಸಲಿಲ್ಲ. ದೊಡ್ಡಪ್ಪನೂ ಒಂದು ಮಾತು ಆಡಲಿಲ್ಲ. ನಮ್ಮ ಕುಟುಂಬದಲ್ಲಿ ಮದುವೆಗೆ ಕರೆಯದಿದ್ದದ್ದನ್ನೂ ಜನ್ಮವಿಡೀ ಆಡಿಕೊಳ್ಳುತ್ತಾರೆ, ಈ ಒಂದು ವಿಷಯಕ್ಕೆ ಮಾತ್ರ ಎಲ್ಲರ ಬಾಯಿಗೂ ಬೀಗ ಬಿತ್ತು.

ಅವಳು ಕೆಲಸ ಬಿಟ್ಟಳು. ಬಿಟ್ಟವಳು ಆ ನೆಲಮಾಳಿಗೆಯನ್ನು ಹೊತ್ತು ಮನೆಗೆ ತಂದಳು. ಕೆಲವು ತಿಂಗಳು ಹುಷಾರಾಗಿರಿ ಎಂದು ಡಾಕ್ಟರು ಹೇಳಿದ್ದ ಮಾತನ್ನು ಅವಳು ವರ್ಷಗಟ್ಟಲೆ ಎಳೆದಳು. ದೊಡ್ಡಪ್ಪನ ಕೋಣೆಯ ನೆಲವನ್ನು ದಿನಕ್ಕೆರಡು ಸಲ ಒರೆಸುವುದು, ಹಾಸಿಗೆಯ ಬಟ್ಟೆ ಕುದಿಸುವುದು, ಹೊರಗಿನವರಿಗೆ ಪ್ರವೇಶವಿಲ್ಲ. ಅವರ ಜೀವದ ಗೆಳೆಯ ಪಕ್ಕದ ಬೀದಿಯ ಟೈಲರ್. ಅವನಿಗೂ ಒಳಗೆ ಜಾಗವಿಲ್ಲ. ಊರವರ ಮೈ ಅಳತೆ ತೆಗೆಯುವ ಕೈ ಅಂತ ಅವಳ ವಾದ. ಅವನು ಕಿಟಕಿಯಾಚೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಇಸ್ಪೀಟು ಎಲೆಗಳೂ ಒಳಗೆ ಹೋಗುವಂತಿಲ್ಲವಾದ್ದರಿಂದ ದೊಡ್ಡಪ್ಪನ ಪಾಲಿನ ಎಲೆಗಳನ್ನು ಬಟ್ಟೆ ಕ್ಲಿಪ್ಪಿನಿಂದ ಕಿಟಕಿ ಸರಳಿಗೆ ಸಿಕ್ಕಿಸುತ್ತಿದ್ದ, ಮುಖ ಅವರ ಕಡೆಗೆ, ಬೆನ್ನು ತನ್ನ ಕಡೆಗೆ. ದೊಡ್ಡಪ್ಪ ಹಾಸಿಗೆಯಿಂದಲೇ "ಎಡಗಡೆಯಿಂದ ಮೂರನೇದು ಹಾಕು" ಅನ್ನುತ್ತಿದ್ದರು. ದೇಶ ಸುತ್ತಿದ ಮನುಷ್ಯ ಹೀಗೆ ಆಡುವುದನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಎರಡನೆಯ ಸಲ ನೋಡಿದಾಗ ದೊಡ್ಡಮ್ಮನ ಬಕೆಟ್ಟನ್ನು ಒದ್ದು ಉರುಳಿಸುವಷ್ಟು ಕೋಪ ಬಂತು.

ಆ ಕೋಪದಲ್ಲೇ ನಾನು ಮೀನಿನ ಟ್ಯಾಂಕು ಕೊಂಡುಕೊಂಡು ಹೋದೆ. ಮನೆಗೆ ಏನಾದರೂ ಒಂದು ಜೀವ ಬರಲಿ ಅಂತ. ನಾಯಿಗೆ ಕೂದಲು, ಹಕ್ಕಿಗೆ ಹಿಕ್ಕೆ ಎಂದು ತಕರಾರು ಮಾಡುವ ದೊಡ್ಡಮ್ಮನಿಗೆ, ದಿನವಿಡೀ ಸ್ನಾನದಲ್ಲೇ ಇರುವ ಮೀನಿನ ಮೇಲೆ ಹೊರಿಸಲು ಆರೋಪ ಹೊಳೆಯಲಿಲ್ಲ. ತೊಳೆಯುವ ಕೆಲಸ ಮಾತ್ರ ತನ್ನದು ಅಂದಳು. ಗಾಜು, ಕಲ್ಲು, ನೀರು ಸೋಸುವ ಫಿಲ್ಟರು, ಅದರೊಳಗಿನ ಸ್ಪಂಜು, ಎಲ್ಲಕ್ಕೂ ಕುದಿಯುವ ನೀರಿನ ಅಭಿಷೇಕವಾಯಿತು. ಸಂಜೆಯ ಹೊತ್ತಿಗೆ ಕಿತ್ತಳೆ ಬಣ್ಣದ ಮೀನುಗಳು ಓಡಾಡುತ್ತಿದ್ದವು, ದೊಡ್ಡಪ್ಪ ತಲೆದಿಂಬನ್ನು ಆ ಕಡೆಗೆ ತಿರುಗಿಸಿಕೊಂಡರು.

ಮುಂದಿನ ಭಾನುವಾರಕ್ಕೆ ಒಂದೂ ಉಳಿದಿರಲಿಲ್ಲ. ದಿನ ಬಿಟ್ಟು ದಿನ ಅವಳು ಎಲ್ಲವನ್ನೂ ಉಜ್ಜಿ ತೊಳೆದಿದ್ದಳು, ನೀರು ಗಾಜಿಗಿಂತ ತಿಳಿಯಾಗಿತ್ತು, ಆದರೂ ಮೀನುಗಳು ಮೇಲೆ ಬಂದು ಬಾಯಿ ಬಿಟ್ಟು ಬಿಟ್ಟು ಸತ್ತಿದ್ದವು. ದೊಡ್ಡಮ್ಮ ಸೆರಗು ಬಿಗಿದು ನನ್ನನ್ನೂ ಎಳೆದುಕೊಂಡು ಟ್ಯಾಂಕು ಕೊಂಡ ಅಂಗಡಿಗೆ ನುಗ್ಗಿದಳು.

"ರೋಗದ ಮೀನು ಮಾರ್ತೀಯಾ?"

ಅಂಗಡಿಯಾಕೆ ಬಲೆ ಹಿಡಿದು ಯಾವುದೋ ಟ್ಯಾಂಕಿನಲ್ಲಿ ಮುಳುಗಿದ್ದಳು, ತಲೆಯೆತ್ತಲಿಲ್ಲ. "ತಗೊಂಡ ದಿನಾನೇ ಬಿಟ್ರಾ?"

"ಮೀನಿನ ಟ್ಯಾಂಕಿಗೆ ಮೀನು ಬಿಡದೆ ಬೆಕ್ಕು ಬಿಡ್ಬೇಕಿತ್ತಾ?"

"ಸ್ಪಂಜು ತೊಳೆದ್ರಾ?"

"ಕುದಿಯೋ ನೀರಲ್ಲಿ ತೊಳೆದೆ. ಒಂದು ಕ್ರಿಮಿ ಉಳಿದಿದ್ರೆ ನನ್ನ ಹೆಸರು ಬದಲಾಯಿಸು."

"ಅದಕ್ಕೇ ಸತ್ತಿದ್ದು," ಅಂದಳು ಅಂಗಡಿಯಾಕೆ. ಆಮೇಲೆ ಬಲೆ ಕೆಳಗಿಟ್ಟು, ಇದನ್ನು ಸಾವಿರ ಸಲ ಹೇಳಿ ಬೇಸತ್ತವಳ ದನಿಯಲ್ಲಿ ಹೇಳಿದಳು. "ಮೀನು ತಿನ್ನೋದೂ ಅಲ್ಲೇ, ಹೇಲೋದೂ ಅಲ್ಲೇ. ಅದು ನೀರಲ್ಲಿ ವಿಷ ಆಗುತ್ತೆ. ಆ ವಿಷಾನ ತಿನ್ನೋ ಕ್ರಿಮಿ ಇರುತ್ವೆ, ಕಣ್ಣಿಗೆ ಕಾಣಲ್ಲ. ಒಂದು ಜಾತಿ ಆ ವಿಷಾನ ತಿಂದು ಇನ್ನೊಂದು ವಿಷ ಮಾಡುತ್ತೆ, ಇನ್ನೊಂದು ಜಾತಿ ಅದನ್ನ ತಿಂದು ಸಾಧು ಮಾಡುತ್ತೆ. ಅವು ಬಂದು ಸ್ಪಂಜಲ್ಲಿ, ಕಲ್ಲಲ್ಲಿ ಮನೆ ಮಾಡ್ಕೋಬೇಕು. ವಾರಗಟ್ಟಲೆ ಬೇಕು. ಅಲ್ಲಿವರ್ಗೂ ಮೀನಿಲ್ಲದ ನೀರಿಗೆ ದಿನಾ ಒಂದು ಚಿಟಿಕೆ ಆಹಾರ ಹಾಕಿ, ಕೊಳೀಲಿ. ಸ್ಪಂಜು ಮುಟ್ಬೇಡಿ."

"ಅಂದ್ರೆ ನನ್ನ ಮನೇಲಿ ನಾನು ಕ್ರಿಮಿ ಸಾಕ್ಬೇಕು."

"ಮೊದಲು ಅವು, ಆಮೇಲೆ ಮೀನು. ಇಷ್ಟ ಇಲ್ದಿದ್ರೆ ಪ್ಲಾಸ್ಟಿಕ್ ಮೀನಿದೆ, ಅದನ್ನ ಬೇಕಾದಷ್ಟು ಕುದಿಸ್ಬಹುದು."

ನಾನು ನಕ್ಕುಬಿಟ್ಟೆ. ದೊಡ್ಡಮ್ಮ ನನ್ನನ್ನು ನೋಡಿದ ನೋಟಕ್ಕೆ ನಗು ಅರ್ಧಕ್ಕೇ ನಿಂತಿತು. ಅಲ್ಲೇ ಮುಗಿಯಬೇಕಾದ ಕತೆ ಮುಂದುವರಿದದ್ದು ಅಂಗಡಿಯಾಕೆ ಮುಂದಿಟ್ಟ ಒಂದು ಪುಟ್ಟ ಪೆಟ್ಟಿಗೆಯಿಂದ. ಅದರಲ್ಲಿ ನೀರು ಪರೀಕ್ಷೆ ಮಾಡುವ ಔಷಧಿ ಬಾಟಲಿಗಳೂ ಗಾಜಿನ ನಳಿಗೆಗಳೂ ಇದ್ದವು. ಒಂದು ಔಷಧಿಯ ಹನಿಗೆ ನೀರು ಹಸಿರಾದರೆ ಮೊದಲ ವಿಷ ಇದೆ, ಹಳದಿಯಾದರೆ ಇಲ್ಲ. ಇನ್ನೊಂದರ ಹನಿಗೆ ನೇರಳೆಯಾದರೆ ಎರಡನೆಯ ವಿಷ ಇದೆ, ನೀಲಿಯಾದರೆ ಇಲ್ಲ. ಬಣ್ಣ ತಿರುಗಿ ಸಾಕ್ಷಿ ಹೇಳುವ ವಸ್ತುವಿನ ಮೇಲೆ ದೊಡ್ಡಮ್ಮನಿಗೆ ಮೊದಲಿನಿಂದಲೂ ನಂಬಿಕೆ. ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಆಯ್ತು, ನೋಡೋಣ," ಅಂದಳು.

ದೊಡ್ಡಪ್ಪನಿಗೆ ಕೆಲಸ ಸಿಕ್ಕಿತು. ಬೆಳಗ್ಗೆ ವಾಕರ್ ಹಿಡಿದು ಎದ್ದು ಬಂದು, ಖಾಲಿ ನೀರಿಗೆ ಒಂದು ಚಿಟಿಕೆ ಉದುರಿಸಿ, "ಬನ್ರಪ್ಪಾ ಊಟಕ್ಕೆ," ಅನ್ನುತ್ತಿದ್ದರು.

"ಯಾರಿಗಯ್ಯಾ ಊಟ?" ಟೈಲರ್ ಕಿಟಕಿಯಾಚೆಯಿಂದ ಕೇಳುತ್ತಿದ್ದ.

"ಹೊಸಬರು ಬಂದಿದಾರೆ. ನಿಂಗೆ ಕಾಣ್ಸಲ್ಲ."

"ಅವ್ರನ್ನ ಅತ್ತಿಗೆ ಹೇಗೆ ಒಳಗೆ ಬಿಟ್ರು?"

"ಕಾಲು ತೊಳ್ಕೊಂಡು ಬಂದ್ರು."

ನೀರು ಮೊದಲು ಹಾಲು ಬೆರೆತಂತೆ ಮಬ್ಬಾಯಿತು. ಕೋಣೆಯಲ್ಲಿ ಒಂಥರ ಕೆಟ್ಟ ವಾಸನೆ. ಬಿಳಿಯಾಗಿದ್ದ ಸ್ಪಂಜು ಕಂದಾಯಿತು, ಕಲ್ಲುಗಳ ಮೇಲೆ ಲೋಳೆ ಕೂತಿತು. ದೊಡ್ಡಮ್ಮ ಆ ಕೋಣೆಗೆ ಬಂದರೆ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದಳು, ಅವು ತಾವಾಗಿಯೇ ಹೋಗಿ ಉಜ್ಜಿಬಿಡುತ್ತವೆ ಅನ್ನುವ ಹಾಗೆ. ಹನಿ ಹಾಕುವುದು ಅವಳೇ. ಕಡು ಹಸಿರು, ಕಡು ಹಸಿರು, ಆಮೇಲೆ ತಿಳಿ ಹಸಿರು. ಹಸಿರು ಇಳಿದಾಗ ನೇರಳೆ ಏರಿತು. ನನಗೆ ಆಫೀಸಿಗೆ ಫೋನು ಮಾಡಿ, "ನೇರಳೆ ಸ್ವಲ್ಪ ತೆಳುವಾಗಿದೆ ಕಣೇ, ಏನನ್ನುತ್ತೀಯ?" ಎಂದು ದೊಡ್ಡಪ್ಪ ಕೇಳುತ್ತಿದ್ದರು. ಎದುರಿಗೆ ಗಿರಾಕಿ ಮೇಜು ಕುಟ್ಟುತ್ತಿದ್ದರೂ ನಾನು ಆ ನೇರಳೆಯ ಬಗ್ಗೆ ಮಾತಾಡುತ್ತಿದ್ದೆ. ಅಷ್ಟು ವರ್ಷಗಳಲ್ಲಿ ಅವರು ಯಾವುದಕ್ಕೂ ಹಾಗೆ ಕಾದದ್ದನ್ನು ನಾನು ಕಂಡಿರಲಿಲ್ಲ.

ಒಂದು ಶುಕ್ರವಾರ ದೊಡ್ಡಪ್ಪನ ಫೋನು ಬಂತು. "ಹಳದಿ. ನೀಲಿ. ಎರಡೂ ಬಂತು. ಭಾನುವಾರ ಬರ್ತಾ ಮೀನು ತಗೊಂಡು ಬಾ. ಕಿತ್ತಳೆ ಬಣ್ಣದ್ದೇ ಇರ್ಲಿ."

ನಾನು ಮೀನು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸು ಕುಲುಕಿದಾಗಲೆಲ್ಲ ಡ್ರೈವರಿಗೆ ಶಾಪ ಹಾಕುತ್ತಾ ಬಂದೆ. ಗೇಟು ತೆರೆದವಳಿಗೆ ಅಂಗಳದ ಹಗ್ಗ ಕಾಣಿಸಿತು. ಒಗೆದ ಹೊದಿಕೆಗಳ ನಡುವೆ ಕ್ಲಿಪ್ಪು ಹಾಕಿ ಆ ಸ್ಪಂಜನ್ನು ನೇತುಹಾಕಿತ್ತು. ಅಂಗಡಿಯಿಂದ ತಂದ ದಿನ ಕೂಡ ಅದು ಅಷ್ಟು ಬಿಳಿಯಾಗಿರಲಿಲ್ಲ.

ಹಿಂದಿನ ದಿನ ದೊಡ್ಡಪ್ಪನಿಗೆ ಮೈ ಸ್ವಲ್ಪ ಬೆಚ್ಚಗಾಗಿತ್ತಂತೆ, ಆಪರೇಷನ್ ಆದ ಕಾಲಿನ ಮೇಲೆ ಒಂದು ಕೆಂಪು ಮಚ್ಚೆ ಕಂಡಿತಂತೆ. ಸೊಳ್ಳೆ ಕಚ್ಚಿದ್ದನ್ನು ಕೆರೆದುಕೊಂಡಿದ್ದರು, ಅಷ್ಟೇ. ದೊಡ್ಡಮ್ಮನ ಕಣ್ಣಿಗೆ ಅದು ಕೀವಾಗಿ ಕಂಡಿತು, ಎದುರಿಗೇ ಕೊಳೆತ ಟ್ಯಾಂಕು ಕಂಡಿತು. ಬೆಳಗ್ಗೆ ಅವರು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ನೀರು ಚೆಲ್ಲಿ, ಕಲ್ಲು ಕುದಿಸಿ, ಸ್ಪಂಜನ್ನು ಬ್ಲೀಚಿಂಗ್ ನೀರಲ್ಲಿ ಅದ್ದಿ ಹಿಂಡಿ ಹಾಕಿಬಿಟ್ಟಿದ್ದಳು.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ದನಿ ಬಂತು. ಅದು ದೊಡ್ಡಪ್ಪನ ದನಿ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವರು ಕೂಗಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಟೈಲರನ್ನ ಹೊರಗೆ ಕೂರಿಸಿದೆ ನೀನು, ನಾನು ಸುಮ್ನಿದ್ದೆ. ನನ್ನ ತಮ್ಮ ಬಂದ್ರೆ ಗೇಟಲ್ಲೇ ಮಾತಾಡಿಸಿ ಕಳ್ಸಿದೆ, ಸುಮ್ನಿದ್ದೆ. ಕಣ್ಣಿಗೆ ಕಾಣದ ಜೀವ, ಅವು ಬಂದು ಸೇರ್ಕೊಂಡಿದ್ವು. ಅವನ್ನೂ ಬಿಡ್ಲಿಲ್ಲ ನೀನು. ಇನ್ನು ಉಳಿದಿರೋನು ನಾನೊಬ್ಬ. ನನ್ನನ್ನೂ ಕುದಿಸಿ ಹಗ್ಗದ ಮೇಲೆ ಹಾಕ್ಬಿಡು."

ದೊಡ್ಡಮ್ಮ ಟ್ಯಾಂಕಿನ ಪಕ್ಕ ನಿಂತಿದ್ದಳು. "ಕಾಲು ಕೆಂಪಾಗಿತ್ತು," ಅಂದಳು.

"ಕಾಲು ನಂದು. ಅದು ಕೊಳೀಲಿ ಬಿಡು."

ಅಷ್ಟು ಹೇಳಿ ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಅವಳಿಗೆ ಅನ್ನಲು ನಾಲ್ಕು ಬಿಸಿ ಮಾತು ನನ್ನ ನಾಲಿಗೆ ತುದಿಗೂ ಬಂದಿತ್ತು, ಆದರೆ ಅವಳ ಮುಖ ನೋಡಿ ನುಂಗಿಕೊಂಡೆ. ಕೈಯಲ್ಲಿ ಮೀನುಗಳು ಒಂದರ ಮೇಲೊಂದು ಹೊರಳಾಡುತ್ತಿದ್ದವು.

"ಇವನ್ನೇನು ಮಾಡೋದು ಈಗ?" ಎಂದೆ. "ಇಲ್ಲಿ ಬಿಟ್ರೆ ಮೊದಲಿನ ಹಾಗೇ ಸಾಯ್ತವೆ. ಭಾನುವಾರ ಅರ್ಧ ದಿನ, ಅಂಗಡಿ ಇಷ್ಟೊತ್ತಿಗೆ ಮುಚ್ಚಿರುತ್ತೆ. ಟೈಲರ್ ಅಂಗಡೀಲಿ ಒಂದು ಟ್ಯಾಂಕಿದೆ."

ಅವಳು ಚೀಲವನ್ನು ನನ್ನ ಕೈಯಿಂದ ಕಿತ್ತುಕೊಂಡು ಗೇಟು ದಾಟಿದಳು. ನಾನು ಚಪ್ಪಲಿ ಸಿಕ್ಕಿಸಿಕೊಂಡು ಹಿಂದೆ ಓಡಿದೆ. ಅವಳು ಬರಿಗಾಲಲ್ಲಿದ್ದಳು.

ಟೈಲರ್ ಅಂಗಡಿಯಲ್ಲಿ ಬಟ್ಟೆ ಥಾನುಗಳ ನಡುವೆ ಹಸಿರು ಪಾಚಿ ಕಟ್ಟಿದ ಹಳೆಯ ಟ್ಯಾಂಕಿತ್ತು. ಅದರಲ್ಲಿ ಹೊಟ್ಟೆ ಬಂದ ಮೀನುಗಳು ಆರಾಮಾಗಿ ತಿರುಗುತ್ತಿದ್ದವು. ದೊಡ್ಡಮ್ಮನನ್ನು ಬಾಗಿಲಲ್ಲಿ ನೋಡಿದ ಅವನು ಎದ್ದು ನಿಂತು, ಕತ್ತಿಗೆ ಹಾಕಿಕೊಂಡಿದ್ದ ಅಳತೆ ಟೇಪನ್ನು ಯಾಕೋ ತೆಗೆದು ಜೇಬಿಗೆ ಇಟ್ಟುಕೊಂಡ.

"ಇವನ್ನ ಸ್ವಲ್ಪ ದಿನ ಇಟ್ಕೊಳ್ಳಿ," ಅಂದಳು ಅವಳು. ಆಮೇಲೆ ಟ್ಯಾಂಕಿನ ಕಡೆ ನೋಡಿ ಕೇಳಿದಳು: "ನಿಮ್ಮ ಸ್ಪಂಜು ಯಾವಾಗ ತೊಳೆದಿದ್ದು?"

ಟೈಲರ್ ನನ್ನ ಮುಖ ನೋಡಿದ. "ಸುಳ್ಳು ಹೇಳ್ಲಾ, ನಿಜ ಹೇಳ್ಲಾ ಅತ್ತಿಗೆ?"

"ನಿಜ ಹೇಳಿ."

"ಟ್ಯಾಂಕಿನ ನೀರಲ್ಲೇ ಒಂದೆರಡು ಸಲ ಹಿಂಡಿದೀನಿ. ತೊಳೆದಿದ್ದು ನೆನಪಿಲ್ಲ."

"ಅದರಲ್ಲಿ ಅರ್ಧ ಕೊಡಿ."

ಅವನು ಚೀಲವನ್ನು ಮೊದಲು ತನ್ನ ಟ್ಯಾಂಕಿನಲ್ಲಿ ತೇಲಿಬಿಟ್ಟ. ತೋಳು ಮಡಚಿ ಫಿಲ್ಟರು ಬಿಚ್ಚಿ, ಕೆಸರಿನ ಮುದ್ದೆಯಂಥ ಸ್ಪಂಜನ್ನು ಎತ್ತಿ, ಸೂಟು ಕತ್ತರಿಸುವ ಆ ದೊಡ್ಡ ಕತ್ತರಿಯಿಂದ ನಡುವೆ ಸೀಳಿದ. ಕಂದು ನೀರು ಹೊಲಿಗೆ ಮೇಜಿನ ಮೇಲೆಲ್ಲ ಸುರಿಯಿತು. ಅರ್ಧವನ್ನು ಅದೇ ಟ್ಯಾಂಕಿನ ನೀರಿನ ಜೊತೆ ಒಂದು ಡಬ್ಬಿಗೆ ಹಾಕಿ ಅವಳ ಮುಂದೆ ಹಿಡಿದ.

ದೊಡ್ಡಮ್ಮ ಕೈ ಮುಂದೆ ಮಾಡಲಿಲ್ಲ. "ನೀವೇ ಬಂದು ಹಾಕಿ," ಅಂದಳು. "ನನ್ನ ಕೈ ಮೇಲೆ ನಂಗೆ ನಂಬ್ಕೆ ಇಲ್ಲ."

ಟೈಲರ್ ಬಂದ. ದಾರಿಯುದ್ದಕ್ಕೂ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅಭ್ಯಾಸದಂತೆ ಕಿಟಕಿಯ ಕಡೆಗೆ ತಿರುಗಿದವನನ್ನು ನಾನು ರಟ್ಟೆ ಹಿಡಿದು ಬಾಗಿಲ ಕಡೆಗೆ ಎಳೆಯಬೇಕಾಯಿತು. ಕೋಣೆಯೊಳಗೆ ಕಾಲಿಟ್ಟವನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗೋಡೆಗೆ ಒತ್ತಿಕೊಂಡ. ಹಿಂದಿನ ದಿನ ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರನ್ನು ನಾನು ಟ್ಯಾಂಕಿಗೆ ತುಂಬಿದೆ, ಅವನು ಸ್ಪಂಜನ್ನು ಫಿಲ್ಟರಿನಲ್ಲಿ ಕೂರಿಸಿದ. ಕೊಳೆಯೆದ್ದು ನೀರು ಮಬ್ಬಾಯಿತು. ದೊಡ್ಡಪ್ಪ ಗೋಡೆಯಿಂದ ಈಚೆಗೆ ತಿರುಗಿದರು.

"ಏನಯ್ಯಾ, ಹೀಗೆ ಸಣ್ಣಗಾಗಿದೀಯ," ಅಂದರು ಗೆಳೆಯನಿಗೆ. "ಕಿಟಕೀಲಿ ದಪ್ಪ ಕಾಣ್ತಿದ್ದೆ."

ಟೈಲರ್ ನಗಲು ಹೋಗಿ ಕಣ್ಣೊರೆಸಿಕೊಂಡ.

"ಅವಳಿಗೆ ಹೇಳು," ದೊಡ್ಡಪ್ಪ ಮುಂದುವರಿಸಿದರು, "ಇನ್ನು ಈ ಟ್ಯಾಂಕು ಮುಟ್ಟಬಾರ್ದು ಅಂತ."

"ನಂಗೇ ಹೇಳಿ," ಅಂದಳು ಬಾಗಿಲಲ್ಲಿದ್ದ ದೊಡ್ಡಮ್ಮ.

"ಹೇಳೋದೆಲ್ಲ ಆಗಲೇ ಹೇಳಾಯ್ತು."

"ಏನು ಹೇಳಿದ್ರಿ? ಸ್ಪಂಜಿನ ವಿಷಯ ಹೇಳಿದ್ರಿ." ಅವಳ ದನಿಯಲ್ಲಿ ಕಡು ಕೋಪವಿತ್ತು. "ಆಸ್ಪತ್ರೇಲಿ ನಿಮ್ಮ ಕಾಲನ್ನ ಎರಡನೇ ಸಲ ಬಿಚ್ಚಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಗಂಟು ಕಟ್ಟಿದ್ದು ನಾನು ಅಂತ ನಿಮಗೆ ಗೊತ್ತಿತ್ತು. ಏನಾದ್ರೂ ಅಂತೀರಿ ಅಂತ ಕಾದೆ. ಕುಡಿಯೋಕೆ ನೀರು ಕೊಡು ಅಂದ್ರಿ. ಮನೆಗೆ ಬಂದ್ಮೇಲಾದ್ರೂ ಅಂತೀರಿ ಅಂತ ಕಾದೆ. ಊಟ ಆಯ್ತಾ ಅಂದ್ರಿ. ಇವತ್ತು ಒಂದು ಸ್ಪಂಜಿಗೆ ಬಾಯಿಗೆ ಬಂದ ಹಾಗೆ ಬೈದ್ರಲ್ಲ, ಅವತ್ತು ಒಂದೇ ಒಂದು ಸಲ ಹಾಗೆ ಬೈದಿದ್ರೆ ನಾನು ಇಷ್ಟು ವರ್ಷ ತೊಳೀತಾ ಕೂರ್ತಿರ್ಲಿಲ್ಲ."

ಫಿಲ್ಟರಿನ ಗುಳುಗುಳು ಒಂದೇ ಕೇಳುತ್ತಿತ್ತು. ಟೈಲರ್ ನನ್ನ ಕಡೆ ನೋಡಿದ, ನಾನು ನೆಲ ನೋಡಿದೆ. ನನ್ನ ಇಷ್ಟು ವರ್ಷದ ಸಿಟ್ಟನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ದೊಡ್ಡಪ್ಪ ದಿಂಬಿಗೆ ಒರಗಿ ಎದ್ದು ಕೂತರು. ಮಡಚಲಾಗದ ಕಾಲನ್ನು ಎರಡೂ ಕೈಯಿಂದ ಎತ್ತಿ ಮಂಚದ ಅಂಚಿಗೆ ತಂದಿಟ್ಟುಕೊಂಡರು. ಆಮೇಲೆ ಬೈಯಲು ಶುರುಮಾಡಿದರು. ಅವಳ ಹಟವನ್ನು ಬೈದರು, ಅವಳ ಹಬೆ ಯಂತ್ರವನ್ನು ಬೈದರು, ಯಾಕೆ ನೀನೇ ಕಟ್ಟಬೇಕಿತ್ತು, ಬೇರೆ ಯಾರಿಗೂ ಕೈಯಿರಲಿಲ್ಲವಾ ಎಂದು ಕೇಳಿದರು. ಇನ್ನು ಯಾವತ್ತೂ ಸ್ಟಿಯರಿಂಗ್ ಹಿಡಿಯಲಾಗದ್ದಕ್ಕೆ ಬೈದರು, ರಸ್ತೆಗಳ ಹೆಸರು ಒಂದೊಂದೇ ಹೇಳಿ ಬೈದರು. ಲಾರಿ ಡ್ರೈವರುಗಳು ಚೆಕ್‌ಪೋಸ್ಟಿನಲ್ಲಿ ಬೈಯುವ ಮಾತುಗಳೂ ಬಂದವು. ಟೈಲರ್ ಹೊರಡಲು ನೋಡಿದ, ಅವರು ಕೈಸನ್ನೆ ಮಾಡಿ ನಿಲ್ಲಿಸಿದರು. ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು, ಕಣ್ಣೀರು ಗಲ್ಲದಿಂದ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಅವಳು ಕೇಳಿದಳು. "ಮುಗೀತಾ?"

"ಇಲ್ಲ," ಅಂದರು ದೊಡ್ಡಪ್ಪ. "ಕೂತ್ಕೋ."

ಅವಳು ಬಂದು ಮಂಚದ ಮೇಲೆ ಅವರ ಪಕ್ಕದಲ್ಲಿ ಕೂತಳು.